ಹವ್ಯಾಸ: ಚರ್ಮದ ಕೆಲಸ

ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ ಯಾರೂ ತಿನ್ನಲು ಬಳಸದ ಒಂದು ಫೋರ್ಕ್ ಇದೆ. ಅದರ ಹಲ್ಲುಗಳನ್ನು ಅರದಿಂದ ಉಜ್ಜಿ ಚೂಪು ಮಾಡಿದವನು ನಾನು. ಹಿಡಿಕೆಯ ತುದಿಗೆ ಸುತ್ತಿಗೆಯಲ್ಲಿ ಹೊಡೆದು ಹೊಡೆದು ಅದನ್ನು ಹೂಕೋಸಿನ ಹಾಗೆ ಮಾಡಿದವನೂ ನಾನೇ. ಹೋದ ತಿಂಗಳು ಮಗಳ ಸ್ನೇಹಿತೆಯರು ಊಟಕ್ಕೆ ಬಂದಾಗ ಅವಸರದಲ್ಲಿ ಅದೂ ಮೇಜಿಗೆ ಹೋಗಿಬಿಟ್ಟಿತು. ಅದು ಸಿಕ್ಕಿದ ಹುಡುಗಿ ಸ್ವಲ್ಪ ಹೊತ್ತು ನೂಡಲ್ಸಿನೊಂದಿಗೆ ಹೆಣಗಿ, ತನಗೇ ಫೋರ್ಕ್ ಹಿಡಿಯಲು ಬರುವುದಿಲ್ಲ ಎಂದುಕೊಂಡು, ಸುಮ್ಮನೆ ಕೈಯಲ್ಲಿ ತಿಂದಳು. ಒಳ್ಳೆಯ ಮನೆಯ ಹುಡುಗಿ.

ಅವರು ಹೋದ ಮೇಲೆ ನನ್ನ ಹೆಂಡತಿ ಲೀಲಾ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದು ಎಂತಕೆ ಇನ್ನೂ ಇಲ್ಲಿ ಉಟ್ಟು?"

"ಸರ್ಕಾರಿ ಮಾಲು ಅದು" ಎಂದೆ.

"ಹಂಗಾರೆ ಸರ್ಕಾರಕ್ಕೇ ವಾಪಸ್ ಕೊಡಿ."

ಕೊಡುವುದು ಅಷ್ಟು ಸುಲಭವಲ್ಲ. ಆ ಫೋರ್ಕ್ ದಕ್ಷಿಣ ಸುಡಾನಿನ ಒಂದು ಮೆಸ್ಸಿನ ಲೆಕ್ಕದಲ್ಲಿ ಕಳೆದುಹೋಗಿದೆ. ಕಳೆದುಹೋಗಿದೆ ಎಂದು ಟೈಪ್ ಮಾಡಿದ್ದೂ ನಾನೇ.

ನಮ್ಮ ಮನೆ ಇರುವುದು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ. ಅರೆಭಾಷೆ ಆಡುವ ಗೌಡರು ನಾವು; ನಮ್ಮಲ್ಲಿ 'ಉಟ್ಟು' ಎಂದರೆ 'ಇದೆ'. ತಾತ ಸೈನ್ಯದಲ್ಲಿದ್ದರು, ಅಪ್ಪ ಸೈನ್ಯದಲ್ಲಿದ್ದರು, ದೊಡ್ಡಪ್ಪ ಇದ್ದರು. ಮೂವರದೂ ಎದೆ ತುಂಬ ಪದಕಗಳಿರುವ ಫೋಟೋಗಳು ಜಗಲಿಯ ಗೋಡೆಯಲ್ಲಿ ಸಾಲಾಗಿವೆ. ನಾನೂ ಸೇರಿದೆ. ಕ್ಲರ್ಕ್ ಆಗಿ. ಯುದ್ಧಕ್ಕೂ ಟೈಪ್ ಮಾಡುವವನೊಬ್ಬ ಬೇಕು ಎಂದು ನೆಂಟರಿಗೆ ವಿವರಿಸಿ ವಿವರಿಸಿ ನನ್ನ ಮೊದಲ ಹತ್ತು ವರ್ಷ ಕಳೆಯಿತು. ಅವ್ವ ಮಾತ್ರ ಯಾರು ಕೇಳಿದರೂ "ಅವ ಮಿಲಿಟ್ರಿ ಆಫೀಸ್ ನೋಡ್ಕೊಳ್ಳುದು" ಎನ್ನುತ್ತಿದ್ದಳು. ಇಡೀ ಮಿಲಿಟರಿಗೆ ಒಂದೇ ಆಫೀಸು, ಅದು ನನ್ನ ಸುಪರ್ದಿನಲ್ಲಿದೆ ಎಂದು ಕೆಲವರು ತಿಳಿದರು. ನಾನು ತಿದ್ದಲು ಹೋಗಲಿಲ್ಲ.

ಹವಿಲ್ದಾರ್ ಆಗಿದ್ದಾಗ ನಮ್ಮ ಬೆಟಾಲಿಯನ್ನನ್ನು ಒಂದು ವರ್ಷ ವಿಶ್ವಸಂಸ್ಥೆಯ ಶಾಂತಿಪಾಲನೆಗೆಂದು ದಕ್ಷಿಣ ಸುಡಾನಿಗೆ ಕಳಿಸಿದರು. ನೀಲಿ ಟೋಪಿ ಹಾಕಿಕೊಂಡು ಹೋದೆವು. ಮಳೆಗಾಲದಲ್ಲಿ ಇಳಿದೆವು. ನಾನು ಕೊಡಗಿನವನು, ನನಗೆ ಮಳೆ ತೋರಿಸುವವರು ಯಾರು ಎಂಬ ಭಾವ ನನಗಿತ್ತು. ಆದರೆ ನಮ್ಮ ಮಳೆಗೆ ಇಳಿಜಾರಿದೆ. ಬೀಳುತ್ತದೆ, ಹರಿಯುತ್ತದೆ, ಕೆಳಗಿನ ಊರಿನವರ ತಾಪತ್ರಯವಾಗುತ್ತದೆ. ಅಲ್ಲಿ ನೆಲ ಚಪ್ಪಟೆ. ಮಳೆ ಬಿದ್ದಲ್ಲೇ ಕೂರುತ್ತಿತ್ತು, ನಮ್ಮ ಹಾಗೆಯೇ. ಕಪ್ಪು ಮಣ್ಣು ಹಲ್ವದಂತಾಗಿ ಬೂಟು ಹಿಡಿದರೆ ಬಿಡುತ್ತಿರಲಿಲ್ಲ. ವಿಮಾನ ಇಳಿಯುವ ಪಟ್ಟಿಯೂ ಮಣ್ಣಿನದೇ ಆದ್ದರಿಂದ ಸಾಮಾನು ತರುವ ವಿಮಾನ ಹದಿನೈದು ದಿನಕ್ಕೊಮ್ಮೆ ಬಂದು, ಮೇಲಿನಿಂದಲೇ ನೋಡಿ, ಮನಸ್ಸು ಬದಲಾಯಿಸಿ ಹೋಗುತ್ತಿತ್ತು. ನಾವು ಕೆಳಗಿನಿಂದ ಕೈ ಬೀಸುತ್ತಿದ್ದೆವು.

ಹೀಗೆ ಕೂತು ಕೂತು ಜನರ ತಲೆ ಕೆಟ್ಟಿತು. ಕೇರಮ್ ಆಡುವಾಗ ಒಬ್ಬ ಇನ್ನೊಬ್ಬನ ಸ್ಟ್ರೈಕರ್ ನುಂಗುತ್ತೇನೆ ಎಂದ. ಇನ್ನೊಬ್ಬ ನುಂಗು ಎಂದ. ಇಬ್ಬರನ್ನೂ ಬಿಡಿಸಲು ಆರು ಜನ ಬೇಕಾದರು. ಮರುದಿನ ನಮ್ಮ ಕಂಪನಿಯ ಮೇಜರ್ ಸಾಹೇಬರು ಆಜ್ಞೆ ಮಾಡಿದರು: ಪ್ರತಿಯೊಬ್ಬನಿಗೂ ಒಂದು ಹವ್ಯಾಸ ಇರತಕ್ಕದ್ದು, ಸಂಜೆ ಐದರೊಳಗೆ ಪಟ್ಟಿ ತಮ್ಮ ಮೇಜಿನ ಮೇಲೆ ಬರತಕ್ಕದ್ದು. ಪಟ್ಟಿ ಮಾಡುವ ಕೆಲಸ ಸಹಜವಾಗಿ ನನಗೆ ಬಂತು. ವಾಲಿಬಾಲ್, ತರಕಾರಿ ತೋಟ, ಭಜನೆ, ಎಲ್ಲವೂ ತುಂಬಿದವು. ಒಬ್ಬ ನಿದ್ದೆ ಎಂದು ಬರೆಸಿದ. ನಾನು ಅದನ್ನು ಧ್ಯಾನ ಎಂದು ಟೈಪ್ ಮಾಡಿದೆ. ಕೊನೆಯಲ್ಲಿ ನನ್ನ ಹೆಸರಿನ ಮುಂದೆ ಖಾಲಿ ಜಾಗ ಉಳಿಯಿತು. ಐದಕ್ಕೆ ಐದು ನಿಮಿಷವಿತ್ತು. ಗಂಟೆ ನೋಡಲು ಕೈ ಎತ್ತಿದರೆ ವಾಚಿನ ಪಟ್ಟಿ ಹರಿದು ನೇತಾಡುತ್ತಿತ್ತು. 'ಚರ್ಮದ ಕೆಲಸ' ಎಂದು ಬರೆದೆ.

ಚರ್ಮದ ವಿಷಯದಲ್ಲಿ ನನಗೆ ಅಷ್ಟರವರೆಗೆ ಇದ್ದ ಅನುಭವವೆಂದರೆ ತಾತನ ತೋಟಾ ಪಟ್ಟಿ. ಕೋವಿಯ ಗುಂಡುಗಳನ್ನು ಸಾಲಾಗಿ ಸಿಕ್ಕಿಸುವ ಅಗಲವಾದ ಬೆಲ್ಟು. ವರ್ಷವಿಡೀ ಮೊಳೆಯಲ್ಲಿ ನೇತಾಡುತ್ತಿದ್ದ ಅದನ್ನು ಕೈಲ್ ಮುಹೂರ್ತದ ದಿನ, ನಮ್ಮ ಕಡೆಯ ಆಯುಧಪೂಜೆಯಂದು, ಇಳಿಸಿ ಅವ್ವ ತೆಂಗಿನೆಣ್ಣೆ ಹಚ್ಚುತ್ತಿದ್ದಳು. ಆಮೇಲೆ ಕೋವಿಯ ಜೊತೆ ಅದನ್ನೂ ದೇವರ ದೀಪದ ಮುಂದಿಟ್ಟು ಹೂ ಮುಡಿಸುತ್ತಿದ್ದರು. ಅಂಥದೇ ಒಂದು ದಿನ ನಾನು ಶಾಲೆಯ ಚಪ್ಪಲಿ ಹಾಕಿಕೊಂಡು ಜಗಲಿ ದಾಟಿದ್ದಕ್ಕೆ ಅಜ್ಜಿ ಬೆನ್ನಿಗೆ ಬಾರಿಸಿದ್ದಳು. ಗುಂಡು ಹೊರುವ ಚರ್ಮ ಒಳಗೆ, ಕಾಲು ಹೊರುವ ಚರ್ಮ ಹೊರಗೆ. ಇದರ ತರ್ಕ ಕೇಳಿದ್ದರೆ ಇನ್ನೊಂದು ಬೀಳುತ್ತಿತ್ತು. ಕೇಳಲಿಲ್ಲ.

ವಾರಕ್ಕೊಮ್ಮೆ ಮನೆಗೆ ಫೋನ್ ಮಾಡಲು ಬಿಡುತ್ತಿದ್ದರು. ಅವ್ವನಿಗೆ ಹೇಳಿದೆ, ನಾನೀಗ ಚರ್ಮದ ಕೆಲಸ ಕಲಿಯುತ್ತಿದ್ದೇನೆ ಎಂದು.

"ಕ್ಲರ್ಕ್ ಕೆಲ್ಸ ಉಟ್ಟಲ್ಲಾ ಇನ್ನೂ?"

"ಉಟ್ಟು ಅವ್ವ. ಇದು ಬರೀ ಹವ್ಯಾಸ."

"ಊಟಕ್ಕೆ ಎಂತ ತೊಂದ್ರೆ ಇಲ್ಲೆ ಅಲ್ಲಾ?"

ಇಲ್ಲ ಎಂದೆ. ಅವಳು ನಂಬಲಿಲ್ಲ.

ಇನ್ನು ಸಾಮಾನು. ಕ್ಯಾಂಪಿನ ಪಕ್ಕದ ಊರಿನ ಸಂತೆಯಲ್ಲಿ ಆಡಿನ ಚರ್ಮ ಸಿಗುತ್ತಿತ್ತು. ಕೆಂಪಗೆ, ಗಡುಸಾಗಿ, ತನ್ನದೇ ಆದ ವಾಸನೆಯೊಡನೆ. ಒಂದು ತಂದೆ. ಡೇರೆಯಲ್ಲಿ ಜೊತೆಗಿದ್ದ ಮೂವರು ಅದನ್ನು ಹೊರಗೆ ಕಳಿಸಿದರು, ಸ್ವಲ್ಪ ಹೊತ್ತಿನ ಮೇಲೆ ನನ್ನನ್ನೂ. ನನ್ನ ಆಫೀಸು ಒಂದು ಹಳೆಯ ಹಡಗಿನ ಕಂಟೇನರಿನಲ್ಲಿತ್ತು. ಚರ್ಮಕ್ಕೆ ಅಲ್ಲಿ, ಕಡತಗಳ ಕಪಾಟಿನ ಹಿಂದೆ ಜಾಗ ಮಾಡಿದೆ. ಹೊಲಿಯಲು ಡೇರೆ ರಿಪೇರಿಯ ದಾರ. ರಂಧ್ರ ಮಾಡಲು ಸೈಕಲ್ ಕಡ್ಡಿಯನ್ನು ಮಸೆದು ಮರದ ತುಂಡಿಗೆ ಸಿಕ್ಕಿಸಿದ ಆರಿ. ರಂಧ್ರಗಳು ಸಮ ಅಂತರದಲ್ಲಿ ಬೀಳಲಿ ಎಂದು ಚರ್ಮದ ಮೇಲೆ ಮೊದಲು ಗುರುತು ಒತ್ತಲು, ಈಗಾಗಲೇ ಹೇಳಿದ ಫೋರ್ಕ್. ಸೂಜಿ ಮಾತ್ರ ಕಷ್ಟವಾಯಿತು. ದಾರದ ಎರಡು ತುದಿಗೂ ಒಂದೊಂದು ಸೂಜಿ ಬೇಕು, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ಹಾಯಬೇಕು ಎಂದು ಎಲ್ಲೋ ಓದಿದ್ದೆ. ಇಡೀ ಕ್ಯಾಂಪಿನಲ್ಲಿದ್ದದ್ದು ಅಕ್ಕಿ ಚೀಲ ಹೊಲಿಯುವ ಒಂದೇ ಒಂದು ದಬ್ಬಳ. ಅದೂ ಅಡುಗೆಯವನ ಹತ್ತಿರ, ರಸೀದಿಯ ಮೇಲೆ. ಎರಡನೆಯ ತುದಿಯನ್ನು ಗೋಂದಿನಲ್ಲಿ ಅದ್ದಿ ಒಣಗಿಸಿ ಸೂಜಿಯೆಂದು ಭಾವಿಸಿದೆ.

ಮೊದಲು ಮಾಡಿದ್ದು ಕನ್ನಡಕದ ಚೀಲ. ಅದರೊಳಗೆ ಯಾವ ಕನ್ನಡಕವೂ ಹೋಗಲಿಲ್ಲ. ನಮ್ಮ ನರ್ಸಿಂಗ್ ಅಸಿಸ್ಟೆಂಟ್ ಅದನ್ನು ಥರ್ಮಾಮೀಟರ್ ಇಡಲು ತೆಗೆದುಕೊಂಡು ಹೋದ. ಎರಡನೆಯದು ವಾಚಿನ ಪಟ್ಟಿ. ಬೆವರಿಗೆ ಅದರ ಬಣ್ಣ ಕೈಗೆ ಹತ್ತಿ, ಪಟ್ಟಿ ತೆಗೆದ ಮೇಲೂ ಪಟ್ಟಿ ಇದ್ದ ಹಾಗೆ ಕಾಣುತ್ತಿತ್ತು. ಅಷ್ಟರಮಟ್ಟಿಗೆ ಅದು ಬಾಳಿಕೆಯದು.

ಮೂರನೆಯದರ ಹೊತ್ತಿಗೆ ಪರಶುರಾಮ ಬಂದ.

ಪರಶುರಾಮ ನಮ್ಮ ನೀರಿನ ಟ್ಯಾಂಕರಿನ ಚಾಲಕ, ಲಾನ್ಸ್ ನಾಯಕ್, ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯವನು. ಆ ಕಂಪನಿಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಅವನ ಕನ್ನಡ ನನಗೂ ನನ್ನ ಕನ್ನಡ ಅವನಿಗೂ ಅರ್ಧರ್ಧ ಅರ್ಥವಾಗುತ್ತಿತ್ತು. ಗುಟ್ಟು ಮಾತಾಡಲು ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಲಾಗ್ ಬುಕ್ಕಿಗೆ ಸಹಿ ಹಾಕಿಸಲು ಬಂದವನು ನನ್ನ ಮೇಜಿನ ಮೇಲಿದ್ದ ಚರ್ಮದ ತುಂಡನ್ನು ಎತ್ತಿ, ಮಡಚಿ ನೋಡಿ, ಮೂಗಿಗೆ ಹಿಡಿದ.

"ಜಾಲಿ ಕಾಯಾಗ ಹದಾ ಮಾಡ್ಯಾರ" ಎಂದ, ತನ್ನಷ್ಟಕ್ಕೆ. ಆಮೇಲೆ ಕಚ್ಚಿತೇನೋ ಎನ್ನುವಂತೆ ತುಂಡನ್ನು ಕೆಳಗಿಟ್ಟ.

"ನಿಮಗೆ ಹೇಗೆ ಗೊತ್ತಾಯ್ತು?"

"ಹಂಗ. ವಾಸ್ನಿ ಬಂತ್ರಿ."

ಸಹಿ ಹಾಕಿಸಿಕೊಂಡು ಹೋದ. ಮೂರು ದಿನದ ಮೇಲೆ, ಸಹಿಯೇ ಬೇಕಿಲ್ಲದ ಒಂದು ಕಾಗದ ಹಿಡಿದುಕೊಂಡು ಮತ್ತೆ ಬಂದ. ನಾನು ಹೊಲಿಯುತ್ತಿದ್ದೆ. ಜೇಬಿನಲ್ಲಿ ಕೈಯಿಟ್ಟು ನೋಡುತ್ತ ನಿಂತ. ನೋವಿನಲ್ಲಿರುವವನ ಮುಖವಾಗಿತ್ತು.

"ಸಾಹೇಬ್ರ, ದಾರಕ್ಕ ಮೇಣಾ ಹಚ್ಚೀರೇನು?"

"ಮೇಣದ ಬತ್ತಿ ಉಜ್ಜಿದ್ದೇನೆ."

"ಅದು ಮೇಣ ಅಲ್ರಿ. ಜೇನಮೇಣ ಬೇಕು. ಮತ್ತ ನೀವು ತೂತು ನೆಟ್ಟಗ ಹಾಕಾಕತ್ತೀರಿ, ಓರಿ ಹಾಕಬೇಕು. ಚರ್ಮಾ ನೀರಾಗ ನೆನಸೀರೇನು? ಇಲ್ಲೇನ್ರಿ? ಅಯ್ಯ ಶಿವನ."

ಬಾಗಿಲು ಹಾಕಿ ಬಂದು, ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತ. ಆಮೇಲೆ ಹೇಳಿದ. ಅವನದು ಸಮಗಾರರ ಮನೆ. ಅಜ್ಜ, ಅಪ್ಪ, ಅಣ್ಣ ಎಲ್ಲರೂ ಚಪ್ಪಲಿ ಮಾಡುವವರು. ಹತ್ತು ವರ್ಷದವನಿದ್ದಾಗಲೇ ಚಪ್ಪಲಿಯ ಅಟ್ಟೆ ಕತ್ತರಿಸುತ್ತಿದ್ದ.

"ಅಪ್ಪನ ಕೈ ನೋಡಿ ನೋಡಿ ಸೈನ್ಯಕ್ಕ ಬಂದೀನ್ರಿ. ಇಲ್ಲಿ ಎಲ್ಲಾರೂ ಪರಶ್ಯಾ ಅಂತಾರ, ಡ್ರೈವರ್ ಅಂತಾರ. ಭಾಳ ಚೊಲೋ ಅನಸ್ತದ. ಒಂದ ಬೂಟಿಗೆ ಆರಿ ಹಚ್ಚಿದ್ನೆಂದ್ರ ನಾಳಿಂದ ಬ್ಯಾರೆ ಹೆಸರು. ಯಾರಿಗೂ ಹೇಳಬ್ಯಾಡ್ರಿ."

"ಹೇಳುವುದಿಲ್ಲ" ಎಂದೆ. ಆಣೆ ಕೇಳಲಿಲ್ಲ ಅವನು. ಕೇಳಿದ್ದರೆ ಹಾಕುತ್ತಿದ್ದೆ.

ಅಂದಿನಿಂದ ಪಾಠ ಶುರುವಾಯಿತು. ಮಧ್ಯಾಹ್ನ ಊಟವಾದ ಮೇಲೆ, ಬಿಸಿಲಿಗೆ ಎಲ್ಲರೂ ಡೇರೆ ಸೇರಿದ ಹೊತ್ತಿನಲ್ಲಿ, ಕಂಟೇನರಿನ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆವು. ಒಳಗೆ ರೊಟ್ಟಿ ಬೇಯುವಷ್ಟು ಕಾವು. ಅವನ ನಿಯಮ ಒಂದೇ: ಬಾಯಲ್ಲಿ ಹೇಳಿಕೊಡುತ್ತಾನೆ, ಕೈ ಹಚ್ಚುವುದಿಲ್ಲ. ಹಾಗಾಗಿ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದ. ಸಂತೆಯಿಂದ ಜೇನುಮೇಣ ತರಿಸಿದ. ಚರ್ಮವನ್ನು ಎಷ್ಟು ನೆನೆಸಬೇಕೆಂದು, ನೆನೆದದ್ದು ಕೆನ್ನೆಗೆ ಒತ್ತಿದರೆ ಹೇಗೆ ತಣ್ಣಗಿರಬೇಕೆಂದು, ಅಂಚನ್ನು ಬಾಟಲಿಯಿಂದ ತಿಕ್ಕಿ ಹೇಗೆ ಹೊಳಪು ಬರಿಸಬೇಕೆಂದು ಹೇಳಿದ. ನನ್ನ ಕೈಗೆ ಏನೂ ಹತ್ತುತ್ತಿರಲಿಲ್ಲ. ಇಪ್ಪತ್ತು ವರ್ಷ ಟೈಪ್ ಮಾಡಿದ ಬೆರಳುಗಳು. ಹೊಡೆಯುವುದು ಬರುತ್ತದೆ, ಎಳೆಯುವುದು ಬರುವುದಿಲ್ಲ.

ಒಂದು ದಿನ ನಾನು ಒಂದು ಕತ್ತಿಯ ಒರೆ ಹೊಲಿಯುತ್ತಿದ್ದೆ. ಅವನು ನೋಡುತ್ತ ನೋಡುತ್ತ ಬೆವೆತ. ಕೊನೆಗೆ ತೊಡೆಯ ಕೆಳಗಿನಿಂದ ಕೈ ತೆಗೆದು, ಮಾತಿಲ್ಲದೆ ಆರಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಲ್ಕು ಹೊಲಿಗೆ ಹಾಕಿ ವಾಪಸು ಕೊಟ್ಟ. ಉಸಿರು ಬಿಡುವಷ್ಟೂ ಹೊತ್ತು ಹಿಡಿಯಲಿಲ್ಲ. ನನ್ನ ಮೂವತ್ತು ಹೊಲಿಗೆಗಳ ನಡುವೆ ಆ ನಾಲ್ಕು, ಊರಿನ ಗಲಾಟೆಯ ನಡುವೆ ಸಾಲಾಗಿ ನಿಂತ ಜವಾನರ ಹಾಗಿದ್ದವು. ಇಬ್ಬರೂ ಅವನ್ನು ನೋಡಿದೆವು.

"ಕೈ ಮರತಿಲ್ಲ" ಎಂದ. ಅವನಿಗೆ ಅದರಿಂದ ಸಂತೋಷವಾಯಿತೋ ಸಿಟ್ಟು ಬಂತೋ ತಿಳಿಯಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಅದಕ್ಕೇ ಎಂದು ನಿಮಗೆ ಗೊತ್ತಾಗಿರಬಹುದು.

ದೊಡ್ಡ ಅಧಿಕಾರಿಯೊಬ್ಬರು, ಬೇರೆ ದೇಶದ ಜನರಲ್, ಕ್ಯಾಂಪಿಗೆ ಬರುವವರಿದ್ದರು. ಅವರಿಗೆ ಏನಾದರೂ ಕೊಡಬೇಕು. ಮೇಜರ್ ಸಾಹೇಬರು ಹವ್ಯಾಸದ ಪಟ್ಟಿ ತೆಗೆಸಿ ನೋಡಿದರು. ಭಜನೆಯನ್ನು ಕೊಡಲಾಗುವುದಿಲ್ಲ, ಬದನೆಕಾಯಿ ಕೊಡುವುದು ಚೆನ್ನಾಗಿರುವುದಿಲ್ಲ. ನನ್ನ ಹೆಸರಿನ ಮೇಲೆ ಬೆರಳಿಟ್ಟರು.

"ಒಂದು ಚರ್ಮದ ಫೋಲ್ಡರ್. ನಮ್ಮ ರೆಜಿಮೆಂಟಿನ ಚಿಹ್ನೆ ಮೇಲೆ ಬರಬೇಕು. ಆರು ದಿನ. ಆಗುತ್ತಾ?"

ಆಗುವುದಿಲ್ಲ ಎನ್ನುವುದು ಚಿಕ್ಕ ಮಾತು. ನನ್ನ ಬಾಯಲ್ಲಿ ಬಂದದ್ದು "ಆಗುತ್ತೆ ಸರ್". ಗೋಡೆಯ ಮೇಲೆ ಫೋಟೋ ಇಲ್ಲದ ಮಗ ನಾನು, ಕ್ಷಮಿಸಿ.

ಎರಡು ದಿನದಲ್ಲಿ ಎರಡು ಚರ್ಮ ಹಾಳು ಮಾಡಿ ಪರಶುರಾಮನ ಮುಂದೆ ಕೂತೆ. ಅವನು ನಾನು ಕೆತ್ತಿದ ಚಿಹ್ನೆಯನ್ನು ಬಹಳ ಹೊತ್ತು ನೋಡಿ, ಇದು ಸಿಂಹವೋ ಹಲಸಿನಕಾಯಿಯೋ ಎಂದು ಕೇಳಿದ. ಆಮೇಲೆ ಬಾಗಿಲು ಹಾಕಿದ. ನಾಲ್ಕು ಮಧ್ಯಾಹ್ನ ಅವನು ಕೆಲಸ ಮಾಡಿದ. ನಾನು ಪೆಟ್ಟಿಗೆಯ ಮೇಲೆ ಕೂತು ದಾರಕ್ಕೆ ಮೇಣ ಹಚ್ಚಿಕೊಟ್ಟೆ. ಅವನು ಒಂದೆರಡು ಸಲ ಸಣ್ಣಗೆ ಶಿಳ್ಳೆ ಹಾಕಿದ. ಮುಗಿಸಿ ಫೋಲ್ಡರನ್ನು ನನ್ನ ಮಡಿಲಿಗೆ ಹಾಕಿದಾಗ ಅದು ಉಸಿರಾಡುತ್ತದೆಯೇನೋ ಎನ್ನಿಸಿತು. ನಾನು ಅಂಥದೊಂದು ವಸ್ತುವನ್ನು ಅದಕ್ಕೆ ಮುಂಚೆ ಮುಟ್ಟಿರಲಿಲ್ಲ.

ಜನರಲ್ ಸಾಹೇಬರಿಗೂ ಹಾಗೇ ಆಯಿತು. ಇಡೀ ಕಂಪನಿ ಸಾಲಾಗಿ ನಿಂತಿದ್ದಾಗ ಅವರು ಫೋಲ್ಡರಿನ ಅಂಚಿನ ಮೇಲೆ ಬೆರಳಾಡಿಸಿ, ಇದನ್ನು ಮಾಡಿದವರು ಯಾರು ಎಂದರು. ನನ್ನನ್ನು ಮುಂದೆ ಕರೆದರು. ಚಪ್ಪಾಳೆ ಬಿತ್ತು. ಇಷ್ಟಕ್ಕೇ ನಿಂತಿದ್ದರೆ ನಾನು ಬರೀ ಸುಳ್ಳುಗಾರ ಆಗುತ್ತಿದ್ದೆ, ಯಾರಿಗೂ ನಷ್ಟವಿರಲಿಲ್ಲ. ಆದರೆ ಚಪ್ಪಾಳೆಯ ನಡುವೆ ನನ್ನೊಳಗೆ ಒಬ್ಬ ದೊಡ್ಡ ಮನುಷ್ಯ ಎದ್ದು ನಿಂತ.

"ಸರ್, ಇದು ನಾನು ಮಾಡಿದ್ದಲ್ಲ. ಲಾನ್ಸ್ ನಾಯಕ್ ಪರಶುರಾಮ ಮಾಡಿದ್ದು. ಅವರ ಮನೆತನದ್ದೇ ಈ ಕೆಲಸ."

ಇನ್ನೂ ಜೋರಾಗಿ ಚಪ್ಪಾಳೆ. ಜನರಲ್ ಸಾಹೇಬರು ಅವನ ಕೈ ಕುಲುಕಿದರು. ಮೇಜರ್ ಸಾಹೇಬರು ನನ್ನ ಬೆನ್ನು ತಟ್ಟಿ, ಪ್ರಾಮಾಣಿಕತೆ ಎಂದರೆ ಇದು ಎಂದರು. ನಾನು ಪರಶುರಾಮನ ಕಡೆ ನೋಡಿ ನಕ್ಕೆ. ಅವನು ನೇರ ಮುಂದೆ ನೋಡುತ್ತ ನಿಂತಿದ್ದ.

ಮರುದಿನ ಬೆಳಿಗ್ಗೆ ಅವನ ಡೇರೆಯ ಮುಂದೆ ಏಳು ಜೊತೆ ಬೂಟುಗಳು ಸಾಲಾಗಿ ಇದ್ದವು.

ಯಾರೂ ಅವನಿಗೆ ಕೆಟ್ಟ ಮಾತು ಆಡಿರಲಿಲ್ಲ. ಪ್ರತಿ ಬೂಟಿನೊಳಗೂ ಒಂದು ಚೀಟಿ: ಅಟ್ಟೆ ಬಿಟ್ಟಿದೆ, ಹಿಮ್ಮಡಿ ಸವೆದಿದೆ, ದಯವಿಟ್ಟು. ಸುಬೇದಾರ್ ಸಾಹೇಬರ ಬೂಟೂ ಇತ್ತು. ನಿನ್ನೆಯವರೆಗೆ ಅವನ ಜೊತೆ ಒಂದೇ ತಟ್ಟೆಯಲ್ಲಿ ತಿಂದವನೊಬ್ಬ, ಅವನು ಹಲ್ಲುಜ್ಜುತ್ತಿದ್ದಾಗ, ನೀನು ಮೊದಲೇ ಹೇಳಿದ್ದರೆ ಇಷ್ಟು ದಿನ ಹರಿದ ಬೂಟಿನಲ್ಲಿ ಓಡಾಡುತ್ತಿರಲಿಲ್ಲವಲ್ಲ ಎಂದು ಸ್ನೇಹದಿಂದ ಆಕ್ಷೇಪಿಸಿದ. ಪರಶುರಾಮ ಬಾಯಿ ತೊಳೆದುಕೊಂಡು, ಬೂಟುಗಳನ್ನು ದಾಟಿ, ಟ್ಯಾಂಕರ್ ತೆಗೆದುಕೊಂಡು ನೀರಿಗೆ ಹೋದ.

ನಾನು ಅಲ್ಲೇ ನಿಂತಿದ್ದೆ. ನಾನು ಕೊಟ್ಟಿದ್ದು ಅವನ ಹೆಸರನ್ನಲ್ಲ, ಅವನು ಬಿಟ್ಟು ಬಂದಿದ್ದ ಹೆಸರನ್ನು.

ಕ್ಲರ್ಕಿಗೆ ಬರುವುದು ಒಂದೇ ವಿದ್ಯೆ. ಹೋಗಿ ಒಂದು ಆದೇಶ ಟೈಪ್ ಮಾಡಿದೆ. ಇನ್ನು ಮುಂದೆ ಬೂಟು ರಿಪೇರಿಗಳನ್ನು ಕಂಪನಿಯ ಆಫೀಸಿನಲ್ಲಿ ಮಾತ್ರ ಸ್ವೀಕರಿಸಲಾಗುವುದು; ರಿಪೇರಿ ಮಾಡುವವರು: ಹವಿಲ್ದಾರ್ ಕ್ಲರ್ಕ್; ಹವ್ಯಾಸ: ಚರ್ಮದ ಕೆಲಸ. ದಿನದ ಕಾಗದಗಳ ನಡುವೆ ಇಟ್ಟು ಮೇಜರ್ ಸಾಹೇಬರ ಸಹಿ ಹಾಕಿಸಿದೆ. ಅವರು ಓದಲಿಲ್ಲ, ಓದುತ್ತಾರೆಂಬ ಭಯ ನನಗೂ ಇರಲಿಲ್ಲ. ಏಳು ಜೊತೆ ಬೂಟುಗಳನ್ನೂ ಎರಡು ಕೈಯಲ್ಲಿ, ಕಂಕುಳಲ್ಲಿ ಹಿಡಿದು, ಎಲ್ಲರೂ ನೋಡುತ್ತಿದ್ದ ಹಾಗೆ ಮೈದಾನ ದಾಟಿ ನನ್ನ ಕಂಟೇನರಿಗೆ ಹೊತ್ತುಕೊಂಡು ಬಂದೆ. ಮತ್ತು ಹೊಲಿದೆ.

ನನ್ನ ಕೈ ಎಂಥದು ಎಂದು ನಿಮಗೆ ಗೊತ್ತಿದೆ. ಮೊದಲ ಜೊತೆ ಹಾಕಿಕೊಂಡವನು ಸಂಜೆಯ ಹೊತ್ತಿಗೆ ಕುಂಟುತ್ತಿದ್ದ. ಇನ್ನೊಬ್ಬನ ಬೂಟಿನ ಅಟ್ಟೆ ವಾಲಿಬಾಲ್ ಅಂಗಳದಲ್ಲಿ ಉಳಿಯಿತು, ಅವನು ಮಾತ್ರ ಬಲೆಯವರೆಗೆ ಹೋದ. ಸುಬೇದಾರ್ ಸಾಹೇಬರದು ಬೆಳಗಿನ ಪರೇಡಿನಲ್ಲಿ, ಅವರು 'ಸಾವಧಾನ್' ಎಂದು ಹಿಮ್ಮಡಿ ಕೂಡಿಸಿದ ಕ್ಷಣದಲ್ಲಿ ಬಾಯಿ ತೆರೆಯಿತು. ಒಂದು ವಾರದಲ್ಲಿ ಎಲ್ಲರೂ ಹೊಸದಾಗಿ ಬೂಟು ತರುವುದನ್ನು ನಿಲ್ಲಿಸಿದರು. ಚರ್ಮದ ಕೆಲಸ ಎಂಬ ಶಬ್ದ ಕೇಳಿದರೆ ಜನ ನನ್ನನ್ನು ನೆನೆದು ಕಾಲು ಹಿಂದೆಳೆದುಕೊಳ್ಳುತ್ತಿದ್ದರು. ಪರಶುರಾಮನನ್ನು ಯಾರೂ ನೆನೆಯುತ್ತಿರಲಿಲ್ಲ. ನನ್ನ ಕೈಗುಣದಿಂದ ಒಬ್ಬರಿಗೆ ಉಪಕಾರವಾದದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ.

ಅವನು ಮೂರು ವಾರ ನನ್ನ ಜೊತೆ ಮಾತಾಡಲಿಲ್ಲ. ಲಾಗ್ ಬುಕ್ಕನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದ. ಆ ಕ್ಯಾಂಪಿನಲ್ಲಿ ಕನ್ನಡ ನಿಂತೇ ಹೋಯಿತು. ನಾನು ಕಂಟೇನರಿನೊಳಗೆ ಒಬ್ಬನೇ ಅರೆಭಾಷೆಯಲ್ಲಿ ನನ್ನನ್ನು ಬೈದುಕೊಳ್ಳುತ್ತಿದ್ದೆ. ಆಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತ. ಸುಬೇದಾರ್ ಸಾಹೇಬರ ಬೂಟು ಎರಡನೆಯ ಸಲ ನನ್ನ ಮೇಜಿನ ಮೇಲಿತ್ತು.

"ನಾನು ಹೇಳಬಾರದಿತ್ತು" ಎಂದೆ.

"ಹೌದ್ರಿ. ಹೇಳಬಾರದಿತ್ತು."

ಅಷ್ಟೇ. ಹೋಗಲಿ ಬಿಡಿ ಎನ್ನಲಿಲ್ಲ. ಬಾಗಿಲು ಹಾಕಿ, ಪೆಟ್ಟಿಗೆ ಎಳೆದುಕೊಂಡು, ಕೈಗಳನ್ನು ತೊಡೆಯ ಕೆಳಗೆ ಹಾಕಿ ಕೂತ. "ದಾರಾ ಬಿಚ್ರಿ. ಮೊದಲಿಂದ ಹೊಲೀರಿ. ನಾ ಹೇಳಿದಂಗ" ಎಂದ.

ನಾನು ನಿವೃತ್ತನಾಗಿ ಊರಿಗೆ ಬಂದು ಕೆಲವು ವರ್ಷಗಳಾದವು. ಹವ್ಯಾಸ ಜೊತೆಗೇ ಬಂತು. ಅವ್ವ ಚರ್ಮದ ಕೆಲಸವನ್ನು ಮನೆಯೊಳಗೆ ಬಿಡಲಿಲ್ಲ. ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡಿನಲ್ಲಿ ಕೂರುತ್ತೇನೆ. ಈಗ ಬೇಕಾದ ಸಾಮಾನೆಲ್ಲ ಮನೆ ಬಾಗಿಲಿಗೆ ಬರುತ್ತದೆ, ಎರಡು ಸೂಜಿ ಸಹಿತ. ಕೈ ಮಾತ್ರ ಅದೇ. ಆದರೂ ಶ್ರೀಮಂಗಲದಿಂದ ಒಬ್ಬರು ಕೋವಿಯ ಪಟ್ಟಿ ಮಾಡಿಸಿಕೊಂಡು ಹೋದರು. ಬಿಟ್ಟಂಗಾಲದ ನೆಂಟರು ನಾಯಿಯ ಕೊರಳಪಟ್ಟಿ ಒಯ್ದು, ನಾಯಿಯ ಫೋಟೋ ಕಳಿಸಿದರು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಬಂದಾಗಲೆಲ್ಲ "ಸಾರ್ ಒಳ್ಳೆ ಹಾಬಿ ಇಟ್ಕೊಂಡಿದ್ದೀರಿ, ಎಂಥ ಕಲೆ ಮಾರಾಯ್ರೆ" ಎನ್ನುತ್ತಾನೆ. ಈ ಊರಿನಲ್ಲಿ ಸವೆದ ಬೂಟುಗಳಿಗೆ ಬರವಿಲ್ಲ. ಇಷ್ಟು ವರ್ಷಗಳಲ್ಲಿ ಒಬ್ಬನೂ ನನ್ನ ಶೆಡ್ಡಿನ ಮುಂದೆ ಒಂದು ಜೊತೆ ಇಟ್ಟು ಹೋಗಿಲ್ಲ.

ಕಳೆದ ಕಾಫಿ ಪಿಕ್ಕಿಂಗ್ ಹೊತ್ತಿನಲ್ಲಿ ಪರಶುರಾಮನ ಫೋನ್ ಬಂತು. ಅವನೂ ನಿವೃತ್ತನಾಗಿದ್ದ. ಹೆಂಡತಿ, ಮಗಳ ಜೊತೆ ತಲಕಾವೇರಿ ನೋಡಲು ಬರುತ್ತೇನೆ ಎಂದ. ನಮ್ಮಲ್ಲೇ ಊಟ ಎಂದೆ. ಮನೆಯಲ್ಲಿ ಸೈನ್ಯದ ಸ್ನೇಹಿತ ಎಂದಷ್ಟೇ ಹೇಳಿದೆ, ಬೇರೇನೂ ಹೇಳಲಿಲ್ಲ. ಅವನ ಗುಟ್ಟು ಕಾಯಲು ಸುಮ್ಮನಿದ್ದೆನೋ, ಅವ್ವ ಏನೆನ್ನುತ್ತಾಳೋ ಎಂಬ ಭಯಕ್ಕೆ ಸುಮ್ಮನಿದ್ದೆನೋ, ನನಗೇ ಸ್ಪಷ್ಟವಿರಲಿಲ್ಲ.

ಬಂದರು. ಅವನ ತಲೆ ಬೆಳ್ಳಗಾಗಿತ್ತು. ಮಗಳು ನರ್ಸಿಂಗ್ ಓದುತ್ತಿದ್ದಾಳೆ, ಮಾತು ಕಡಿಮೆ. ಜಗಲಿಯಲ್ಲಿ ಕೂರಿಸಿ ಲೀಲಾ ಕಾಫಿ ಕೊಟ್ಟಳು. ಎಂಬತ್ತು ದಾಟಿದ ಅವ್ವ ತನ್ನ ಕುರ್ಚಿಯಲ್ಲಿ ಕೂತು ಬಂದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಪ್ರಯಾಣ ಕೇಳಿದಳು, ಚಳಿ ಕೇಳಿದಳು. ಮುಂದಿನ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು. ನಮ್ಮ ಕಡೆ ಆ ವಯಸ್ಸಿನವರು ಅದನ್ನು ಮಳೆ ಬೆಳೆ ಕೇಳಿದಷ್ಟೇ ಸಲೀಸಾಗಿ ಕೇಳುತ್ತಾರೆ.

"ನೀವು ಯಾವ ಜನ ಆಯ್ತು?"

"ಮಿಲಿಟ್ರಿ ಜನಾರೀ, ಅವ್ವಾರ."

"ಅದು ಗೊತ್ತುಂಟು. ಅದಕ್ಕೆ ಮೊದ್ಲು?"

ಪರಶುರಾಮ ನನ್ನ ಕಡೆ ನೋಡಿದ. ನನ್ನ ಬಾಯಿಗೆ ಏನೇನೋ ಬಂತು: ರೈತರು, ಬೆಳಗಾವಿಯವರು, ಕಾಫಿ ಆರುತ್ತಿದೆ. ಒಂದನ್ನೂ ಹೇಳಲಿಲ್ಲ. ನನ್ನ ಲೋಟ ನೋಡಿಕೊಂಡು ಕೂತೆ. ಅವನ ಹೆಂಡತಿ ಸೆರಗು ಸರಿಮಾಡಿಕೊಂಡಳು. ಅವನು ನಿಧಾನವಾಗಿ ಕಾಫಿ ಮುಗಿಸಿ, ಲೋಟ ಕೆಳಗಿಟ್ಟ.

"ಅದಕ್ಕ ಮೊದಲ ಚಪ್ಪಲಿ ಮಾಡೋರ್ರಿ. ಸಮಗಾರ್ರು. ನಿಮ್ಮ ಮಗಗ ಆ ಕೆಲಸಾ ಕಲಿಸಿದಾಂವ ನಾನ."

ಅವನ ಮಗಳು ತಲೆ ಎತ್ತಿ ಅಪ್ಪನನ್ನು ನೋಡಿದಳು. ಕಣದಲ್ಲಿ ಯಾರೋ ಕಾಫಿ ಹರವುವ ಸದ್ದು ಬರುತ್ತಿತ್ತು. ಅವ್ವ ಅವನನ್ನು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಏನೇನು ಹಾದುಹೋಯಿತೋ, ಎಂಬತ್ತು ವರ್ಷದ ಲೆಕ್ಕ, ನಾನು ಓದಲಾರೆ. ಆಮೇಲೆ ಸೊಂಟದಿಂದ ಎಲೆ ಅಡಿಕೆಯ ಚರ್ಮದ ಚೀಲ ಬಿಚ್ಚಿ ಅವನ ಮುಂದೆ ಹಿಡಿದಳು.

"ಹಾಗಾದ್ರೆ ನೀವು ಸರಿ ಕಲಿಸಿಲ್ಲ. ಇದು ಇವ ಮಾಡಿದ್ದು. ಮೂರು ಸಲ ಕಿತ್ತು ಬಂತು."

ಪರಶುರಾಮ ಚೀಲವನ್ನು ತೆಗೆದುಕೊಂಡು ಹೊಲಿಗೆಯನ್ನು ಬೆಳಕಿಗೆ ಹಿಡಿದ. ಹಳೆಯ ನೋವು ಅವನ ಮುಖಕ್ಕೆ ಬಂತು.

"ಕಲಿಸಿದ್ದು ಬರೋಬ್ಬರಿ ಐತ್ರಿ ಅವ್ವಾರ. ಶಿಷ್ಯಾನ ಇಷ್ಟ."

"ನಂಗೂ ಹಾಗೇ ಅನ್ಸಿತ್ತು" ಎಂದಳು ಅವ್ವ. ಕೋಲು ಊರಿ ಎದ್ದು, ಅವನ ಮಗಳ ಭುಜ ಹಿಡಿದುಕೊಂಡಳು. "ಬನ್ನಿ, ಬನ್ನಿ ಒಳಗೆ. ಕೋಳಿ ಸಾರು ಆರ್ತದೆ."

ಎಲ್ಲರೂ ಒಳಗೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ. ನಾನು ಲೋಟಗಳನ್ನು ಎತ್ತಿಕೊಂಡು ಹಿಂದೆ ಹೋದೆ.